ಪುರು ರಾಜ ಈ ಆಟಕ್ಕೆ ಬರೋಕೆ 28 ವರ್ಷ ಯಾಕಾಯಿತು?

2025ರ ಅಕ್ಟೋಬರ್‌ನಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಅನ್ನುವ ಕಂಪ್ಯೂಟರ್ ಯುದ್ಧದ ಆಟಕ್ಕೆ ಅಲೆಕ್ಸಾಂಡರನ ಕಥೆಯ ಡಿಎಲ್‌ಸಿ, ಅಂದರೆ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೊಸ ಭಾಗ, ಬಂತು. ಜೊತೆಗೆ ಮೂರು ಹೊಸ ನಾಗರಿಕತೆಗಳು, ಅಂದರೆ ಆಡುವವರು ಆರಿಸಿಕೊಳ್ಳುವ ಪಕ್ಷಗಳು, ಬಂದವು: ಮ್ಯಾಸಿಡೋನಿಯನ್ನರು, ಥ್ರೇಸಿಯನ್ನರು, ಪುರುಗಳು. ಝೇಲಂ ನದಿಯ ದಡದಲ್ಲಿ ಅಲೆಕ್ಸಾಂಡರನಿಗೆ ಎದುರು ನಿಂತ ಪೋರಸ್‌ನ, ಅಂದರೆ ಪುರು ರಾಜನ, ಕಡೆಯವರೇ ಈ ಪುರುಗಳು. ಆ ಹೆಸರು ಪಟ್ಟಿಯಲ್ಲಿ ಕಂಡಾಗ ನನಗೆ ತುಂಬಾ ಖುಷಿಯಾಯಿತು. ಮೊದಲ ‘ಏಜ್ ಆಫ್ ಎಂಪೈರ್ಸ್’ ಬಂದಿದ್ದು 1997ರಲ್ಲಿ. ಅದು ಪೂರ್ತಿ ಪ್ರಾಚೀನ ಕಾಲದ್ದೇ ಆಟ. ಆದರೂ ಪ್ರಾಚೀನ ಭಾರತದ ಒಂದು ಸೇನೆಯನ್ನು ನಡೆಸಲು ನಾವು 28 ವರ್ಷ ಕಾಯಬೇಕಾಯಿತು.

ಅಮೆರಿಕದ ಡಲ್ಲಾಸ್‌ನಲ್ಲಿದ್ದ ಎನ್ಸೆಂಬಲ್ ಸ್ಟುಡಿಯೋಸ್ ಮಾಡಿದ ಆ ಮೊದಲ ಆಟದಲ್ಲಿ 12 ನಾಗರಿಕತೆಗಳಿದ್ದವು. ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್, ಅಸ್ಸೀರಿಯಾ, ಸುಮೇರ್, ಪರ್ಷಿಯಾ ಎಲ್ಲ ಇದ್ದವು. ಪೂರ್ವದಿಂದ ಚೀನಾದ ಶಾಂಗ್, ಕೊರಿಯಾದ ಚೋಸನ್, ಜಪಾನಿನ ಯಮಾಟೊ ಇದ್ದವು. 1998ರ ವಿಸ್ತರಣೆಯಲ್ಲಿ ರೋಮ್, ಕಾರ್ತೇಜ್, ಪಾಲ್ಮೈರಾ, ಮ್ಯಾಸಿಡೋನಿಯಾ ಸೇರಿ ಲೆಕ್ಕ 16 ಆಯಿತು. ಸಿಂಧೂ ಕಣಿವೆಯಿಲ್ಲ, ಮಗಧವಿಲ್ಲ, ಮೌರ್ಯರಿಲ್ಲ. ಪರ್ಷಿಯಾ ಮತ್ತು ಚೀನಾದ ನಡುವೆ ಭೂಪಟ ಖಾಲಿ ಬಿಟ್ಟ ಹಾಗೆ. ಆಟ ಇನ್ನೂ ಎಳಸಾಗಿತ್ತು ಅನ್ನಿ. ಊರಿನ ಸುತ್ತ ಗೋಡೆ ಕಟ್ಟಬಹುದಿತ್ತು, ಆದರೆ ಗೋಡೆಗೆ ಬಾಗಿಲೇ ಇರಲಿಲ್ಲ. ಒಳಗಿನವರು ಹೊರಗೆ ಹೋಗಬೇಕಾದರೆ ಒಂದು ಸಂದಿ ಬಿಡಬೇಕು. ಶತ್ರು ಬರುವುದೂ ಅದೇ ಸಂದಿಯಿಂದ.

1999ರಲ್ಲಿ ಎರಡನೇ ಆಟ ಬಂದಾಗ ಕಾಲವೇ ಬದಲಾಯಿತು. ರೋಮ್ ಬಿದ್ದ ಮೇಲಿನ ಕಥೆ ಇದು ಅಂತ ಎನ್ಸೆಂಬಲ್ ಗೆರೆ ಎಳೆಯಿತು. ಬ್ರಿಟನ್ನರು, ಫ್ರಾಂಕರು, ಬೈಜಾಂಟೀನರು, ಮಂಗೋಲರು, ತುರ್ಕರು ಹೀಗೆ 13 ನಾಗರಿಕತೆಗಳು. ನಮ್ಮೂರಿನ ಸೈಬರ್ ಸೆಂಟರ್‌ನಲ್ಲಿ ನಾನು ಮೊದಲು ಆಡಿದ್ದು ಇದನ್ನೇ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನಾಲ್ಕು ಜನ ಗೆಳೆಯರು ಸಾಲಾಗಿ ಕೂರುತ್ತಿದ್ದೆವು. ಪಟ್ಟಿಯಲ್ಲಿ ಭಾರತ ಹುಡುಕಿ, ಸಿಗದೆ, ನಾನು ಪರ್ಷಿಯಾ ತಗೊಳ್ಳುತ್ತಿದ್ದೆ. ಅವರಿಗೆ ಆನೆ ಇತ್ತು. ಅಷ್ಟು ಸಾಕಿತ್ತು ಆಗ.

ಈ ಗೆರೆ ಬರೀ ಇಸವಿಯದ್ದಾಗಿದ್ದರೆ ದಾಟುವುದು ಕಷ್ಟವಿರಲಿಲ್ಲ. ಆದರೆ ಆಟದ ಮೂಳೆ ಮಾಂಸವೇ ಮಧ್ಯಯುಗದ್ದು. ಮೊದಲ ಹಂತದ ಹೆಸರೇ ಡಾರ್ಕ್ ಏಜ್. ಆಮೇಲೆ ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಕುದುರೆ ಮೇಲೆ ಉಕ್ಕು ತೊಟ್ಟ ನೈಟ್, ಕೋಟೆ ಒಡೆಯುವ ಟ್ರೆಬುಷೆ, ಕೊನೆಗೆ ಫಿರಂಗಿ. ಒಂದು ಯೂನಿಟ್‌ಗೆ (ಸೈನಿಕ ಅಥವಾ ಯುದ್ಧಯಂತ್ರಕ್ಕೆ) ಇನ್ನೊಂದು ಯೂನಿಟ್ ಮದ್ದು ಅನ್ನುವ ಲೆಕ್ಕಾಚಾರವೆಲ್ಲ ಇವುಗಳ ಮೇಲೇ ನಿಂತಿದೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿಗೆ ನೈಟ್ ಎಲ್ಲಿಂದ ತರುವುದು? ಫಿರಂಗಿ ಕೊಡುವ ಹಾಗಿಲ್ಲ. ಕೊಡದಿದ್ದರೆ ಕೊನೆಯ ಹಂತದಲ್ಲಿ ಸೋಲುತ್ತಾರೆ. ಹಾಗಾಗಿ ಪ್ರಾಚೀನರು ಹೊರಗೇ ಉಳಿದರು.

ಅಭಿಮಾನಿಗಳು ಮಾತ್ರ ಸುಮ್ಮನಿರಲಿಲ್ಲ. ಈ ಎರಡನೇ ಆಟದ ಒಳಗೇ ಪ್ರಾಚೀನ ಜಗತ್ತನ್ನು ತರಬೇಕು ಅಂತ 2001ರಲ್ಲಿ ಒಂದಿಷ್ಟು ಜನ ಮಾಡ್ (ಆಡುವವರೇ ಆಟವನ್ನು ಬದಲಿಸಿ ಮಾಡುವ ರೂಪ) ಯೋಜನೆ ಶುರು ಮಾಡಿದರು. ಅದು ಬೆಳೆದು ‘0 ಎ.ಡಿ.’ ಅನ್ನುವ ಬೇರೆಯದೇ ಉಚಿತ ಆಟವಾಯಿತು. ಅದರಲ್ಲಿ ಮೌರ್ಯರಿದ್ದಾರೆ. ದುಡ್ಡು ತಗೊಳ್ಳದೆ ಕೆಲಸ ಮಾಡಿದವರು ಮೌರ್ಯರನ್ನು ಮರೆಯಲಿಲ್ಲ, ಅಲ್ವಾ?

ಎನ್ಸೆಂಬಲ್ 2009ರಲ್ಲಿ ಮುಚ್ಚಿತು. ಆಟ ಸಾಯಲಿಲ್ಲ. ಇನ್ನೊಂದು ಅಭಿಮಾನಿ ತಂಡ ಮಾಡಿದ ಮಾಡ್ 2013ರಲ್ಲಿ ಅಧಿಕೃತ ವಿಸ್ತರಣೆಯಾಗಿ ಬಂತು. ಅದರಲ್ಲಿದ್ದ ಐದು ಹೊಸ ನಾಗರಿಕತೆಗಳಲ್ಲಿ ಒಂದು ‘ಇಂಡಿಯನ್ಸ್’. ಇಡೀ ಉಪಖಂಡಕ್ಕೆ ಒಂದೇ ಹೆಸರು. 2016ರಲ್ಲಿ ಬಂದ ವಿಸ್ತರಣೆಯ ಹೆಸರಲ್ಲೇ ‘ರಾಜಾಸ್’ ಅಂತಿತ್ತು, ಆದರೆ ಒಳಗಿದ್ದವರು ಬರ್ಮಾ, ಖ್ಮೇರ್, ಮಲಯ್, ವಿಯೆಟ್ನಾಂನವರು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಆ ಒಂದು ಹೆಸರು ನಾಲ್ಕಾಯಿತು: ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ನಾಗರಿಕತೆಯನ್ನು ಸರಿಯಾಗಿ ಸೇರಿಸುವುದು ಅಂದರೆ ಏನು ಅಂತ ಆ ಸಲ ನನಗೆ ಗೊತ್ತಾಯಿತು.

ಗುರ್ಜರರನ್ನು ನೋಡಿ. ಬೇರೆ ಎಲ್ಲರೂ ಆಟದ ಶುರುವಿನಲ್ಲಿ ಕುರಿ ಕಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಗುರ್ಜರರು ಕುರಿಗಳನ್ನು ಮಿಲ್ ಒಳಗೆ ಕಟ್ಟಿಹಾಕಬಹುದು. ಒಳಗೆ ಇರುವಷ್ಟು ಹೊತ್ತೂ ಆಹಾರ ನಿಧಾನಕ್ಕೆ ಏರುತ್ತಲೇ ಇರುತ್ತದೆ. ಕೊಲ್ಲದೆ ಸಾಕಿ, ಅದರಿಂದ ಬದುಕುವ ಒಂದು ಇಡೀ ಜೀವನಕ್ರಮವನ್ನು ಒಂದು ಸಣ್ಣ ನಿಯಮದಲ್ಲಿ ಹೇಳಿಬಿಟ್ಟಿದ್ದಾರೆ.

ದ್ರಾವಿಡರಿಗೆ ನೈಟ್ ಇಲ್ಲ. ಆಡುವವರು ಇದಕ್ಕೆ ಬೈದುಕೊಂಡಿದ್ದೂ ಇದೆ. ಆದರೆ ಇದರ ಹಿಂದೆ ಇತಿಹಾಸ ಇದೆ. ದಕ್ಷಿಣದಲ್ಲಿ ಒಳ್ಳೆಯ ಯುದ್ಧದ ಕುದುರೆಗಳ ಸಾಕಣೆ ಯಾವತ್ತೂ ಕಷ್ಟವೇ. ವಿಜಯನಗರದ ಅರಸರು ಅರಬ್ಬೀ ಕುದುರೆಗಳನ್ನು ಭಟ್ಕಳ, ಗೋವಾದಂಥ ಬಂದರುಗಳಿಂದ ದುಬಾರಿ ಬೆಲೆಗೆ ತರಿಸಿಕೊಳ್ಳುತ್ತಿದ್ದರು. ಬದಲಿಗೆ ಆಟ ಕೊಟ್ಟಿದ್ದು ಆನೆ, ಮತ್ತು ಸೊಂಟಕ್ಕೆ ಸುತ್ತಿಕೊಳ್ಳುವಷ್ಟು ಬಳುಕುವ ಉರುಮಿ ಕತ್ತಿ ಹಿಡಿದ ಕಾಲಾಳು. ಆತ ಮೊದಲ ಏಟು ಬೀಸಿದರೆ ಪಕ್ಕದವರಿಗೂ ತಗಲುತ್ತದೆ.

ಮತ್ತೆ ‘ವೂಟ್ಸ್ ಸ್ಟೀಲ್’. ದ್ರಾವಿಡರಿಗೆ ಮಾತ್ರ ಸಿಗುವ ತಂತ್ರಜ್ಞಾನ ಇದು. ಇದನ್ನು ಕಲಿತ ಮೇಲೆ ಅವರ ಕಾಲಾಳುಗಳ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ವೂಟ್ಸ್ ಅನ್ನುವ ಈ ಇಂಗ್ಲಿಷ್ ಪದದ ಮೂಲ ನಮ್ಮ ‘ಉಕ್ಕು’ ಅಂತ ವಿದ್ವಾಂಸರು ಹೇಳುತ್ತಾರೆ. 18ನೇ ಶತಮಾನದ ಕೊನೆಗೆ ದಕ್ಷಿಣ ಭಾರತದ ಉಕ್ಕಿನ ಗಟ್ಟಿಗಳು ಪರೀಕ್ಷೆಗೆಂದು ಲಂಡನ್ನಿಗೆ ಹೋದಾಗ, ಜೊತೆಗೆ ಹೋದ ಪದ ಕೆಟ್ಟು ವೂಟ್ಸ್ ಆಯಿತು. ಆ ಬಟನ್ ಒತ್ತುವಾಗಲೆಲ್ಲ ನಾನು ಮನಸ್ಸಿನಲ್ಲಿ ‘ಉಕ್ಕು’ ಅಂತಲೇ ಅನ್ನುತ್ತೇನೆ.

ಆದರೆ ದ್ರಾವಿಡರ ವಿಲೇಜರ್ (ಕೆಲಸ ಮಾಡುವ ಹಳ್ಳಿಗ) ಮೇಲೆ ಕ್ಲಿಕ್ ಮಾಡಿದರೆ ಕೇಳುವುದು ತಮಿಳು. ಕ್ಯಾಂಪೇನ್, ಅಂದರೆ ಒಂದರ ಹಿಂದೆ ಒಂದು ಆಡುವ ಸನ್ನಿವೇಶಗಳಲ್ಲಿ ಹೇಳುವ ಕಥೆ, ರಾಜೇಂದ್ರ ಚೋಳನದ್ದು. ಚೋಳರ ಕಥೆ ದೊಡ್ಡದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಹೆಸರಿನ ಕೆಳಗೆ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಮಾತಿಲ್ಲದೆ ನಿಂತಿದ್ದಾರೆ. ಪಟ್ಟಿಯಲ್ಲಿ ಹೆಸರು ಸೇರುವುದು ಬೇರೆ, ಕಥೆ ಹೇಳಲು ಅವಕಾಶ ಸಿಗುವುದು ಬೇರೆ. ಆ ಅವಕಾಶ ಕೊಡುವುದು ಕ್ಯಾಂಪೇನ್ ಮಾತ್ರ.

ಪ್ರಾಚೀನ ಕಾಲದ ಬಾಗಿಲು ತೆರೆದದ್ದು ಇದಾದ ಮೇಲೆ, ಮತ್ತು ಒಂದೊಂದು ಸಲ ಒಂದೊಂದು ರೀತಿಯಲ್ಲಿ. 2023ರ ಮೇ ತಿಂಗಳಲ್ಲಿ ಬಂದ ‘ರಿಟರ್ನ್ ಆಫ್ ರೋಮ್’ ಮೊದಲ ಆಟವನ್ನು ಎತ್ತಿ ತಂದು ಎರಡನೆಯದರ ಒಳಗೆ ಇಟ್ಟಿತು. ಹಳೆಯ 16 ನಾಗರಿಕತೆಗಳ ಜೊತೆಗೆ ವಿಯೆಟ್ನಾಂ ಕಡೆಯ ಲಾಕ್ ವಿಯೆಟ್ ಸೇರಿತು. ಗೋಡೆಗೆ ಕೊನೆಗೂ ಬಾಗಿಲು ಬಂತು. ಆದರೆ ಅದು ಬೇರೆಯದೇ ಕೋಣೆ. ಅಲ್ಲಿನ ಈಜಿಪ್ಟ್ ಇಲ್ಲಿನ ಫ್ರಾಂಕರ ಜೊತೆ ಆಡುವ ಹಾಗಿಲ್ಲ. ಹೊಸ ಕ್ಯಾಂಪೇನ್‌ಗಳು ಬಂದಿದ್ದು ಮೂರೇ: ಅಕ್ಕಾಡಿನ ಸಾರ್ಗನ್, ಎಪಿರಸ್‌ನ ಪಿರ್ರಸ್, ರೋಮಿನ ಟ್ರೇಜನ್. ಹಳೆಯ ಕ್ಯಾಂಪೇನ್‌ಗಳೆಲ್ಲ ಎಲ್ಲಿ ಅಂತ ಜನ ಬೇಜಾರು ಮಾಡಿಕೊಂಡರು. ನ್ಯಾಯವೇ.

2024ರ ನವೆಂಬರ್‌ನಲ್ಲಿ ಬಂದ ‘ಕ್ರಾನಿಕಲ್ಸ್: ಬ್ಯಾಟಲ್ ಫಾರ್ ಗ್ರೀಸ್’ ನನ್ನ ಮಟ್ಟಿಗೆ ಸರಿಯಾದ ದಾರಿ ಹಿಡಿಯಿತು. ಅಥೆನ್ಸ್, ಸ್ಪಾರ್ಟಾ, ಅಕೆಮೆನಿಡ್ ಪರ್ಷಿಯಾ ಮೂರೂ ಬಂದವು. ಹಂತಗಳ ಹೆಸರನ್ನೇ ಬದಲಿಸಿದರು: ಆರ್ಕೇಯಿಕ್, ಸಿವಿಕ್, ಕ್ಲಾಸಿಕಲ್. ಹುಟ್ಟು ಹಾಕುವ ಹಡಗುಗಳಿಗಾಗಿ ಸಮುದ್ರಯುದ್ಧವನ್ನೇ ಹೊಸದಾಗಿ ಕಟ್ಟಿದರು. ಅದಿಲ್ಲದೆ ಸಲಾಮಿಸ್ ಕದನ ಹೇಗೆ ತೋರಿಸುತ್ತಾರೆ? 21 ಸನ್ನಿವೇಶಗಳ ಒಂದೇ ಉದ್ದದ ಕ್ಯಾಂಪೇನ್. ಈ ಮೂವರನ್ನು ಆಗ ರ‍್ಯಾಂಕ್ಡ್ ಪಂದ್ಯಗಳಿಂದ, ಅಂದರೆ ಆನ್‌ಲೈನಿನಲ್ಲಿ ಶ್ರೇಯಾಂಕಕ್ಕಾಗಿ ಆಡುವ ಪಂದ್ಯಗಳಿಂದ, ದೂರ ಇಟ್ಟರು. ಅದರಿಂದ ಕಥೆ ಹೇಳುವವರ ಕೈಕಾಲು ಬಿಡಿಸಿದಂತಾಯಿತು.

2025ರ ಮೇ ತಿಂಗಳಲ್ಲಿ ಉಲ್ಟಾ ಆಯಿತು. ಕ್ರಿ.ಶ. 3ನೇ ಶತಮಾನದ ಚೀನಾದ ವೇಯ್, ಶು, ವು ರಾಜ್ಯಗಳು ನೇರವಾಗಿ ಮುಖ್ಯ ಪಟ್ಟಿಗೇ ಬಂದವು, ಹೆಸರಾಂತ ವೀರರ ಸಮೇತ. ಜಗಳವೋ ಜಗಳ. ಕೆಲವೇ ದಶಕ ಬಾಳಿದ ಒಂದು ರಾಜ್ಯ ನಾಗರಿಕತೆ ಹೇಗಾಗುತ್ತದೆ? ಇತಿಹಾಸದ ಒಬ್ಬ ನಿರ್ದಿಷ್ಟ ವ್ಯಕ್ತಿ ಮಾಮೂಲಿ ಪಂದ್ಯದಲ್ಲಿ ಬಂದು ನಿಲ್ಲುವುದು ಸರಿಯಾ? ಮಧ್ಯಯುಗದ ಟಿಬೆಟಿಯನ್ನರು, ಟಾಂಗುಟರು ಆಟಕ್ಕೆ ಬರಲಿ ಅಂತ ಕಾದಿದ್ದವರಿಗೆ ಇದು ನೋವು ಕೊಟ್ಟಿತು. ನಾನು ಅವರ ಪರ.

ಇನ್ನು ಪುರು. ಕ್ರಿ.ಪೂ. 326ರಲ್ಲಿ, ಮಳೆ ಗುಡುಗಿನ ರಾತ್ರಿಯಲ್ಲಿ ಅಲೆಕ್ಸಾಂಡರ್ ನದಿ ದಾಟಿದ. ಪೋರಸ್‌ನ ಬಳಿ 200 ಆನೆಗಳಿದ್ದವು ಅಂತ ಗ್ರೀಕ್ ಇತಿಹಾಸಕಾರ ಅರಿಯನ್ ಬರೆಯುತ್ತಾನೆ. ಆದರೆ ಪೋರಸ್ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಗ್ರೀಕರು, ರೋಮನರು ಬರೆದದ್ದೇ. ನಮ್ಮ ಕಡೆಯ ಒಂದು ಶಾಸನವೂ ಇಲ್ಲ, ಗ್ರಂಥವೂ ಇಲ್ಲ. ಆಟದಲ್ಲೂ ಅವನು ಬಂದಿದ್ದು ಅಲೆಕ್ಸಾಂಡರನ ಕಥೆಯ ಒಳಗೇ. ಆಟ ಮಾಡಿದವರನ್ನು ಇದಕ್ಕೆ ದೂರುವಂತಿಲ್ಲ.

ಆದರೆ ಶಾಸನ ಇರುವ ಕಡೆ? ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಬರಹ ಇವತ್ತಿಗೂ ಇದೆ. ಇಮ್ಮಡಿ ಪುಲಕೇಶಿಯ ಎದುರು ಆನೆಗಳ ಸಾಲು ಉರುಳಿ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಅದು ಹೇಳುತ್ತದೆ. ಪುಲಕೇಶಿ ಯುದ್ಧಕ್ಕೆ ಮುಂಚೆ ತನ್ನ ಆನೆಗಳಿಗೆ ಹೆಂಡ ಕುಡಿಸುತ್ತಿದ್ದ ಅಂತ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ಏಳನೇ ಶತಮಾನ ಅಂದರೆ ಈ ಆಟದ ಕಾಲದ ಒಳಗೇ ಬರುತ್ತದೆ. ಗೆರೆ ದಾಟುವ ಕಷ್ಟವೂ ಇಲ್ಲ.

ಆಟದ ಜೊತೆಗೇ ಸನ್ನಿವೇಶ ಕಟ್ಟುವ ಎಡಿಟರ್ ಇದೆ. ಕೆಲವು ವಾರಗಳಿಂದ ನಾನು ಅದರಲ್ಲಿ ನರ್ಮದಾ ನದಿ ಬರೆಯುತ್ತಿದ್ದೇನೆ. ಉತ್ತರದ ದಡಕ್ಕೆ ಹರ್ಷನ ಆನೆಗಳನ್ನು ಇಟ್ಟಾಯಿತು. ದಕ್ಷಿಣದ ದಡದಲ್ಲಿ ದ್ರಾವಿಡರನ್ನು ನಿಲ್ಲಿಸಿ, ಅವರ ಹೆಸರು ಅಳಿಸಿ, ‘ಚಾಲುಕ್ಯರು’ ಅಂತ ಬರೆದಿದ್ದೇನೆ. ಆನೆಗೆ ಹೆಂಡ ಕುಡಿಸುವ ಟ್ರಿಗರ್ (ಹೀಗಾದಾಗ ಹೀಗಾಗಲಿ ಅಂತ ಬರೆಯುವ ಆದೇಶ) ಮಾತ್ರ ಇನ್ನೂ ಸರಿಬಂದಿಲ್ಲ.