ಸೆಲ್ ಮೇಲೆ 9900 ಅಂತ ಬರೆದಿದ್ದರೆ

ರಿಪೇರಿಗೆ ಬಂದ ಟಾರ್ಚನ್ನು ಕೈಗೆ ತಗೊಂಡ ತಕ್ಷಣ ನಾನು ಹಿಂದಿನ ಮುಚ್ಚಳ ಬಿಚ್ಚಿ ಸೆಲ್ ಹೊರಗೆ ತೆಗೆಯುತ್ತೇನೆ. ತಂದವರಿಗೆ ಇದು ಹಿಡಿಸುವುದಿಲ್ಲ. “ಸೆಲ್ ಹೊಸದು ಸಾರ್, ಫುಲ್ ಚಾರ್ಜ್ ಆಗಿದೆ. ಟಾರ್ಚೇ ಕೆಟ್ಟಿರೋದು” ಅನ್ನುತ್ತಾರೆ. ದೂರಕ್ಕೆ ಬೆಳಕು ಬಿಡುವ ಟಾರ್ಚುಗಳ ವಿಷಯದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೆಚ್ಚಿನ ಸಲ ಟಾರ್ಚಿಗೆ ಏನೂ ಆಗಿರುವುದಿಲ್ಲ.

ಈಚೆಗೆ ಒಬ್ಬರು ಬಂದಿದ್ದರು. ರಾತ್ರಿ ಪಾಳಿಯಲ್ಲಿ ಗೋದಾಮು ಕಾಯುವವರು. ಬಹಳ ದಿನ ಯೋಚನೆ ಮಾಡಿ, ಸ್ವಂತ ದುಡ್ಡಿನಲ್ಲಿ ಟಾರ್ಚ್ ಕೊಂಡಿದ್ದರು. ಆಯ್ಕೆ ಚೆನ್ನಾಗಿಯೇ ಇತ್ತು. ಮೊದಲ ತಿಂಗಳು ಆ ಕಡೆಯ ಗೇಟಿನ ಬೀಗ ಇಲ್ಲಿಂದಲೇ ಕಾಣುತ್ತಿತ್ತಂತೆ. ಈಗ ಅರ್ಧ ದೂರಕ್ಕೂ ಹೋಗುತ್ತಿಲ್ಲ. ಒಳಗಿದ್ದ ಸೆಲ್ ಮೇಲೆ ದೊಡ್ಡದಾಗಿ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಅಚ್ಚಾಗಿತ್ತು. “ಟಾರ್ಚ್ ಜೊತೆ ಬಂದ ಸೆಲ್ ಎಲ್ಲಿ?” ಅಂದೆ. ಜೇಬಿನಿಂದ ತೆಗೆದರು. ಅದರ ಮೇಲೆ 2600 ಅಂತ ಇತ್ತು. “ಇದು ಕಮ್ಮಿ ಸಾರ್, ಅದಕ್ಕೇ ಜಾಸ್ತಿದು ತಗೊಂಡೆ” ಅಂದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. 9900 ದೊಡ್ಡದು, 2600 ಚಿಕ್ಕದು. ಸುಳ್ಳು ಇರುವುದು ಸೆಲ್ಲಿನ ಹೊದಿಕೆಯ ಮೇಲೆ.

ಇಂಥ ಸೆಲ್ಲಿನ ಹೆಸರು 18650. ಅದನ್ನು ಸೆಲ್ಲಿನ ಶಕ್ತಿ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದು ಬರೀ ಅಳತೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಅಂತ ಹೇಳಲು. ಅದೇ ಥರ 21700 ಅಂದರೆ 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. 18650ರ ಅಷ್ಟು ಜಾಗದಲ್ಲಿ ಒಳ್ಳೆಯ ತಯಾರಕರು ಕೂಡ ಸುಮಾರು 3500ರಿಂದ 4000 ಎಂಎಎಚ್ ತುಂಬುವ ಹೊತ್ತಿಗೆ ಸುಸ್ತಾಗಿದ್ದಾರೆ. ಅದರ ಎರಡೂವರೆ, ಮೂರು ಪಟ್ಟು ಅಂತ ಬರೆದಿದ್ದರೆ ಅದನ್ನು ನಂಬಬೇಡಿ. ನನ್ನ ಮೇಜಿನ ಮೇಲೆ ಸಣ್ಣ ತೂಕದ ಯಂತ್ರ ಇದೆ. ಒಳ್ಳೆಯ 18650 ಸೆಲ್ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ಆ 9900 ಸೆಲ್ 29 ಗ್ರಾಂ ತೂಗಿತು. ಎರಡನ್ನೂ ಅವರ ಎರಡು ಅಂಗೈಯಲ್ಲಿ ಇಟ್ಟೆ. ತೂಕದ ಯಂತ್ರ ತೋರಿಸಿದ್ದಕ್ಕಿಂತ ಬೇಗ ಅವರಿಗೆ ಅರ್ಥವಾಯಿತು. ಆದರೆ ತೂಕ ಸರಿ ಇದೆ ಅಂದಮಾತ್ರಕ್ಕೆ ಸೆಲ್ ಒಳ್ಳೆಯದು ಅನ್ನಲಾಗದು. ಸವೆದುಹೋದ ಹಳೆಯ ಸೆಲ್ ಕೂಡ ಅಷ್ಟೇ ತೂಗುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. “ಮೀಟರ್ ಹಚ್ಚಿದರೆ ಫುಲ್ ತೋರಿಸ್ತಿದೆಯಲ್ಲ?” ಇದೊಂದನ್ನು ನಾನು ಸಮಾಧಾನವಾಗಿ, ಎಷ್ಟು ಹೊತ್ತಾದರೂ ಸರಿ, ಬಿಡಿಸಿ ಹೇಳುತ್ತೇನೆ. ಇದು ಗೊತ್ತಾಗದಿದ್ದರೆ ಜನ ಮತ್ತೆ ಮತ್ತೆ ಟಾರ್ಚ್ ಬದಲಾಯಿಸುತ್ತಲೇ ಇರುತ್ತಾರೆ.

ಇಂಥ ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸುತ್ತದೆ. ಸುಮ್ಮನೆ ಕೂತಿದ್ದಾಗ ಒಳ್ಳೆಯ ಸೆಲ್ಲೂ ಅಷ್ಟೇ ತೋರಿಸುತ್ತದೆ, ಕೆಟ್ಟ ಸೆಲ್ಲೂ ಅಷ್ಟೇ ತೋರಿಸುತ್ತದೆ. ಕೆಲಸಕ್ಕೆ ಹಚ್ಚಿದಾಗಲೇ ವ್ಯತ್ಯಾಸ ಕಾಣುವುದು. ದೂರದ ಟಾರ್ಚ್ ಪೂರ್ತಿ ಬೆಳಕಿನಲ್ಲಿ ಒಂದೇ ಸೆಲ್ಲಿನಿಂದ 4, 5 ಆಂಪಿಯರ್ ಎಳೆಯುವುದುಂಟು. ಬಾಯಿ ಕಿರಿದಾದ ಮಡಕೆಯನ್ನು ಬಗ್ಗಿಸಿ ನೋಡಿ. ಒಳಗೆ ನೀರು ಎಷ್ಟೇ ಇರಲಿ, ಗುಳುಗುಳು ಅಂತ ಸ್ವಲ್ಪ ಸ್ವಲ್ಪವೇ ಬರುತ್ತದೆ. ಎಂಎಎಚ್ ಅನ್ನುವುದು ಮಡಕೆಯಲ್ಲಿ ನೀರು ಎಷ್ಟಿದೆ ಅನ್ನುವ ಲೆಕ್ಕ. ಮಡಕೆಯ ಬಾಯಿ ಎಷ್ಟು ಅಗಲ ಅಂತ ಅದು ಹೇಳುವುದೇ ಇಲ್ಲ. ದೂರದ ಟಾರ್ಚಿಗೆ ಮೊದಲು ಬೇಕಾಗಿರುವುದು ಬಾಯಿ.

ಅಂದು ಅವರ ಎದುರಿಗೇ ಮಾಡಿ ತೋರಿಸಿದೆ. ಒಂದು ಓಮ್‌ನ, 20 ವ್ಯಾಟ್ ತಡೆಯುವ ದಪ್ಪ ರೆಸಿಸ್ಟರ್ ನನ್ನ ಹತ್ತಿರ ಇದಕ್ಕೇ ಇದೆ. ಟಾರ್ಚಿನ ಹಾಗೆಯೇ ಅದು ಸೆಲ್ಲಿನಿಂದ ಕರೆಂಟ್ ಎಳೆಯುತ್ತದೆ. ಎರಡೂ ಸೆಲ್ ಚಾರ್ಜ್ ಆಗಿದ್ದವು. 9900 ಸೆಲ್ ಸುಮ್ಮನೆ ಇದ್ದಾಗ 4.16 ವೋಲ್ಟ್, 2600 ಸೆಲ್ 4.15. ರೆಸಿಸ್ಟರ್ ಹಚ್ಚಿದ ಕೂಡಲೇ 2600 ಸೆಲ್ 3.95ಕ್ಕೆ ಇಳಿದು ಅಲ್ಲೇ ನಿಂತಿತು. 9900 ಸೆಲ್ 3.2ಕ್ಕೆ ಕುಸಿಯಿತು. ಸುಮಾರು ಒಂದು ವೋಲ್ಟ್ ಸೆಲ್ಲಿನ ಒಳಗೇ ಹೋಯಿತು. ಹೋದದ್ದು ಎಲ್ಲಿಗೆ? ಬಿಸಿಯಾಗಿ. ಲೆಕ್ಕ ಹಾಕಿದರೆ ಸುಮಾರು 3 ವ್ಯಾಟ್ ಶಾಖ ಆ ಸೆಲ್ಲಿನ ಹೊಟ್ಟೆಯಲ್ಲೇ ಹುಟ್ಟುತ್ತಿತ್ತು. ಒಳ್ಳೆಯ ಸೆಲ್ಲಿನಲ್ಲಿ ಒಂದು ವ್ಯಾಟ್ ಕೂಡ ಇಲ್ಲ. ಇಂಥ ಎಲ್‌ಇಡಿ ಜೋರಾಗಿ ಬೆಳಗಲು ಸಾಮಾನ್ಯವಾಗಿ 3.3 ವೋಲ್ಟಿಗಿಂತ ಮೇಲೆಯೇ ಬೇಕು. ಸೆಲ್ 3.2ರಲ್ಲಿ ಕೂತರೆ ಬೇಕಾದಷ್ಟು ಕರೆಂಟ್ ಹರಿಯುವುದಿಲ್ಲ, ಬೆಳಕು ಹೇಗೆ ಬರಬೇಕು?

ಒಂದು ಮಾತು ಸೇರಿಸಬೇಕು. ಕೆಲವು ಟಾರ್ಚುಗಳ ಒಳಗಿನ ಸರ್ಕೀಟು ವೋಲ್ಟೇಜ್ ಏರಿಸಿ ಕೊಡುವ ಥರದ್ದು. ಅವು ಸೆಲ್ ಕುಸಿದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತವೆ. ಬೆಳಕು ಸರಿಯಾಗಿಯೇ ಇರುತ್ತದೆ, ಆದರೆ ಸೆಲ್ ಕಾಯುತ್ತದೆ. ಹಾಗಾಗಿ ಬೆಳಕು ಇದೆ ಅಂತ ಸೆಲ್ ಬಗ್ಗೆ ನಿಶ್ಚಿಂತೆಯಿಂದ ಇರಬೇಡಿ, ಕೈಯಿಂದ ಮುಟ್ಟಿ ನೋಡಿ. ಇನ್ನು ಈ ರೆಸಿಸ್ಟರ್ ಪರೀಕ್ಷೆಯನ್ನು ಮನೆಯಲ್ಲಿ ದಯವಿಟ್ಟು ಮಾಡಬೇಡಿ. ರೆಸಿಸ್ಟರ್ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ. ಮೀಟರನ್ನು ಆಂಪಿಯರಿಗೆ ತಿರುಗಿಸಿ ನೇರವಾಗಿ ಸೆಲ್ಲಿಗೆ ಹಚ್ಚುವುದಂತೂ ಬೇಡವೇ ಬೇಡ. ಅದು ಶಾರ್ಟ್ ಮಾಡಿದ ಹಾಗೆಯೇ.

ಕೊಳ್ಳುವ ವಿಷಯಕ್ಕೆ ಬಂದರೆ, ಬೆಳಕನ್ನು ಅಳೆಯುವ ಲುಮೆನ್ ಸಂಖ್ಯೆಯಲ್ಲೂ ಇದೇ ಕಥೆ. ಒಂದು ಸೆಲ್ಲಿನ ಟಾರ್ಚಿನ ಡಬ್ಬದ ಮೇಲೆ ಒಂದು ಲಕ್ಷ ಲುಮೆನ್ ಅಂತ ಬರೆದಿರುತ್ತಾರೆ. ಒಂದು ಒಳ್ಳೆಯ ಸೆಲ್ 5 ಆಂಪಿಯರ್ ಕೊಟ್ಟರೆ ಸುಮಾರು 18 ವ್ಯಾಟ್ ಆಯಿತು. ಪೂರ್ತಿ ಜೋರಿನಲ್ಲಿ ಎಲ್‌ಇಡಿ ಒಂದು ವ್ಯಾಟಿಗೆ ನೂರರ ಆಸುಪಾಸು ಲುಮೆನ್ ಕೊಡುತ್ತದೆ ಅಂದುಕೊಳ್ಳಿ. ಸುಮಾರು 2000 ಲುಮೆನ್. ಅದೂ ಟಾರ್ಚ್ ಕಾಯುವವರೆಗೆ, ಕೆಲವು ನಿಮಿಷ. ಮತ್ತೆ, ದೂರಕ್ಕೂ ಲುಮೆನ್‌ಗೂ ನೇರ ಸಂಬಂಧ ಇಲ್ಲ. ಲುಮೆನ್ ಅಂದರೆ ಒಟ್ಟು ಬೆಳಕು, ಎಲ್ಲ ದಿಕ್ಕಿಗೂ ಸೇರಿ. ದೂರ ಬೇಕಾದವರು ಡಬ್ಬದ ಮೇಲೆ ಕ್ಯಾಂಡೆಲಾ ಹುಡುಕಬೇಕು. ಅದು ಕಿರಣದ ನಡುಭಾಗ ಎಷ್ಟು ತೀಕ್ಷ್ಣವಾಗಿದೆ ಅಂತ ಹೇಳುತ್ತದೆ. ಅದರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ದೂರ ಮೀಟರಿನಲ್ಲಿ ಸಿಗುತ್ತದೆ. 40,000 ಕ್ಯಾಂಡೆಲಾ ಇದ್ದರೆ 400 ಮೀಟರ್. ಆನ್ಸಿ ಎಫ್‌ಎಲ್-1 ಅನ್ನುವ ಅಳತೆ ಪದ್ಧತಿಯ ಲೆಕ್ಕ ಇದು. ಆದರೆ ಆ 400 ಮೀಟರಿನ ಕೊನೆಯಲ್ಲಿ ಉಳಿಯುವುದು ಕಾಲು ಲಕ್ಸ್ ಬೆಳಕು, ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟು. ಬಂದವರು ಯಾರು ಅಂತ ಗುರುತು ಹಿಡಿಯಬೇಕಾದರೆ ಆ ಸಂಖ್ಯೆಯ ಅರ್ಧ ಅಂತ ಇಟ್ಟುಕೊಳ್ಳಿ. ಇದು ನನ್ನ ಅನುಭವದ ಮಾತು, ಕಣ್ಣಿನಿಂದ ಕಣ್ಣಿಗೆ ವ್ಯತ್ಯಾಸ ಇರುತ್ತದೆ.

ಟಾರ್ಚಿನ ಮುಖ ನೋಡಿದರೂ ಸಾಕಷ್ಟು ಗೊತ್ತಾಗುತ್ತದೆ. ಅಗಲವಾದ, ಆಳವಾದ, ಕನ್ನಡಿಯ ಹಾಗೆ ನುಣ್ಣಗಿರುವ ರಿಫ್ಲೆಕ್ಟರ್, ನಡುವೆ ಚಿಕ್ಕ ಎಲ್‌ಇಡಿ ಇದ್ದರೆ ಬೆಳಕು ದೂರ ಹೋಗುತ್ತದೆ. ಎಲ್‌ಇಡಿ ದೊಡ್ಡದಾಗಿ, ಹಳದಿ ಚೌಕ ಅಗಲವಾಗಿ ಕಂಡರೆ ಬೆಳಕು ಜಾಸ್ತಿ ಇರಬಹುದು, ಆದರೆ ಹರಡಿಕೊಳ್ಳುತ್ತದೆ. ಮುಂಭಾಗ ಎಳೆದು ಹಿಂದೆ ಮುಂದೆ ಮಾಡುವ ಲೆನ್ಸಿನ ಟಾರ್ಚುಗಳು ಅಗ್ಗಕ್ಕೆ ಸಿಗುತ್ತವೆ. ಎಳೆದಾಗ ಗೋಡೆ ಮೇಲೆ ಚೌಕ ಬೀಳುತ್ತದಲ್ವಾ, ಅದು ಎಲ್‌ಇಡಿಯದೇ ಚಿತ್ರ. ದೂರ ಹೋಗುತ್ತದೆ ನಿಜ. ಆದರೆ ಆ ಸ್ಥಿತಿಯಲ್ಲಿ ಬಹಳಷ್ಟು ಬೆಳಕು ಲೆನ್ಸಿಗೆ ತಗುಲದೆ ಕೊಳವೆಯ ಒಳಗೋಡೆಗೆ ಬಿದ್ದು ಹಾಳಾಗುತ್ತದೆ.

ಒಂದೇ ಟಾರ್ಚಿನಲ್ಲಿ ದೂರ ಎರಡು ಪಟ್ಟು ಬೇಕಾದರೆ ಬೆಳಕು ನಾಲ್ಕು ಪಟ್ಟು ಬೇಕು. ಇದನ್ನು ಕೇಳಿ ಜನ ಬೇಜಾರಾಗುತ್ತಾರೆ. ನಾನು ತಿರುಗಿಸಿ ಹೇಳುತ್ತೇನೆ. ಬೆಳಕು ಅರ್ಧಕ್ಕೆ ಇಳಿಸಿದರೂ ದೂರ ಅರ್ಧ ಆಗುವುದಿಲ್ಲ. 400 ಮೀಟರಿನ ಟಾರ್ಚ್ 280 ಮೀಟರ್ ಹೋಗುತ್ತದೆ. ಸೆಲ್ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಬರುವುದುಂಟು, ಟಾರ್ಚ್ ಕಾಯುವುದೂ ಕಮ್ಮಿ. ಯಾವಾಗಲೂ ಪೂರ್ತಿ ಜೋರಿನಲ್ಲೇ ಹಿಡಿದು ನಡೆಯುವವರನ್ನು ಕಂಡರೆ ನನಗೆ ಆ ಸೆಲ್ ಬಗ್ಗೆ ಮರುಕ ಆಗುತ್ತದೆ.

ಸೆಲ್ ಕೊಳ್ಳುವಾಗ ಎರಡು ವಿಷಯ ವಿಚಾರಿಸಿ. ಒಂದು, ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು. ನಿಮ್ಮ ಟಾರ್ಚ್ ಎಳೆಯುವುದಕ್ಕಿಂತ ಅದು ಜಾಸ್ತಿ ಇರಬೇಕು. ಎರಡು, ತುದಿಯಲ್ಲಿ ರಕ್ಷಣೆಯ ಸರ್ಕೀಟ್ ಇದೆಯಾ. ಇದ್ದರೆ ಒಳ್ಳೆಯದೇ, ಆದರೆ ಸೆಲ್ ಕೆಲವು ಮಿಲಿಮೀಟರ್ ಉದ್ದ ಆಗುತ್ತದೆ, ಎಲ್ಲ ಟಾರ್ಚಿಗೂ ಕೂರುವುದಿಲ್ಲ. ಬಲವಂತವಾಗಿ ಮುಚ್ಚಳ ತಿರುಗಿಸಿ ಸ್ಪ್ರಿಂಗ್ ನಜ್ಜುಗುಜ್ಜಾದ ಟಾರ್ಚುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಜೋರಿಗೆ ಹಾಕಿದ ಕೂಡಲೇ ಟಾರ್ಚ್ ಪಟಕ್ಕನೆ ಆರಿದರೆ ಆ ಸರ್ಕೀಟ್ ಕರೆಂಟ್ ತಡೆದಿರಬಹುದು. ಅದೂ ಟಾರ್ಚಿನ ದೋಷ ಅಲ್ಲ. ಎರಡು ಸೆಲ್ ಸಾಲಾಗಿ ಹಾಕುವ ಟಾರ್ಚ್ ಆದರೆ ಎರಡನ್ನೂ ಒಟ್ಟಿಗೇ ಕೊಂಡು, ಒಟ್ಟಿಗೇ ಚಾರ್ಜ್ ಮಾಡಿ, ಜೋಡಿ ಬಿಡಿಸಬೇಡಿ. ಒಂದು ಹಳತು, ಒಂದು ಹೊಸದು ಹಾಕಿದರೆ ಹಳೆಯದು ಮೊದಲು ಖಾಲಿಯಾಗಿ, ಹೊಸದು ಅದನ್ನು ಉಲ್ಟಾ ತಳ್ಳಲು ಶುರು ಮಾಡುತ್ತದೆ. ಲಿಥಿಯಂ ಸೆಲ್ಲಿಗೆ ಬೆಂಕಿ ಹತ್ತುವ ದಾರಿಗಳಲ್ಲಿ ಇದೂ ಒಂದು.

ಹೊದಿಕೆ ಹರಿದ ಸೆಲ್ ಬಳಸಬೇಡಿ. ಸೆಲ್ಲಿನ ಇಡೀ ಮೈ ಮೈನಸ್. ಪ್ಲಸ್ ತುದಿಯ ಪಕ್ಕದಲ್ಲಿ ಅದನ್ನು ಬೇರೆ ಮಾಡುವುದು ಆ ತೆಳು ಪ್ಲಾಸ್ಟಿಕ್ ಮತ್ತು ಒಂದು ಸಣ್ಣ ಕಾಗದದ ಬಿಲ್ಲೆ, ಅಷ್ಟೇ. ಆ ಗೋದಾಮಿನವರು ಬಿಡಿ ಸೆಲ್ಲನ್ನು ಬೀಗದ ಕೈ ಗೊಂಚಲಿನ ಜೊತೆ ಒಂದೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಕೋಪ ಬಂತು. ಬೈದೆ ಕೂಡ. ಕೀಲಿ ಎರಡೂ ತುದಿಗೆ ತಗುಲಿದ್ದರೆ ತೊಡೆ ಸುಡುತ್ತಿತ್ತು. ನನ್ನ ಹತ್ತಿರ ಇದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವರಿಗೇ ಕೊಟ್ಟೆ.

ಅವರ ಟಾರ್ಚಿಗೆ ನಾನು ಮಾಡಿದ ರಿಪೇರಿ ಇಷ್ಟೇ. ಹಿಂದಿನ ಸ್ಪ್ರಿಂಗಿನ ತುದಿ, ಮುಚ್ಚಳದ ತಿರುಪಿನ ಸುತ್ತುಗಳು, ಕೊಳವೆಯ ಅಂಚು ಇಷ್ಟನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಪ್ಪಾಯಿತು. ಕೊಳೆ ಕೂಡ ದಾರಿಯಲ್ಲಿ ಕರೆಂಟ್ ತಡೆಯುತ್ತದೆ. 2600 ಸೆಲ್ ಹಾಕಿ, ದೀಪ ಆರಿಸಿ, ಬಾಗಿಲಿನಿಂದ ಹೊರಗೆ ಹಿಡಿದೆವು. ರಸ್ತೆಯ ಆ ತುದಿಯ ಕಂಬ, ಅದಕ್ಕೆ ಕಟ್ಟಿದ ತಂತಿಯ ಸುತ್ತು ಕೂಡ ಕಂಡಿತು. ಅವರು ಏನೂ ಹೇಳದೆ ಇನ್ನೊಂದು ಸಲ ಆರಿಸಿ, ಮತ್ತೆ ಹಚ್ಚಿ ನೋಡಿದರು. 9900 ಸೆಲ್ಲನ್ನು ನಾನೇ ಇಟ್ಟುಕೊಂಡೆ. ಎರಡೂ ತುದಿಗೆ ಟೇಪ್ ಸುತ್ತಿ, ಬ್ಯಾಟರಿ ಕಸಕ್ಕೆ ಕಳಿಸುವ ಡಬ್ಬದಲ್ಲಿ ಹಾಕಿದೆ.