ಅನ್ನದ ಉಂಡೆ ಡೋನಟ್ ಆದ ಕತೆ

ಜಪಾನಿನ ಕಾರ್ಟೂನ್ ಸರಣಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಹುಡುಗರು ದಾರಿ ಮಧ್ಯೆ ಕೂತು ಬುತ್ತಿ ಬಿಚ್ಚುತ್ತಾರೆ. ಕೈಯಲ್ಲಿರುವುದು ಬೆಳ್ಳಗಿನ, ಮೂರು ಮೂಲೆಯ ಅನ್ನದ ಉಂಡೆ. ಅದಕ್ಕೆ ಕಪ್ಪು ಕಡಲ ಪಾಚಿಯ ಪಟ್ಟಿ ಸುತ್ತಿದೆ. ಜಪಾನಿನಲ್ಲಿ ಅದರ ಹೆಸರು ಓನಿಗಿರಿ. ನಮಗೆ ಮೊಸರನ್ನದ ಬುತ್ತಿ ಹೇಗೋ, ಅವರಿಗೆ ಅದು ಹಾಗೆ. ಅಮೆರಿಕದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಮಾತ್ರ ಅವರಲ್ಲೊಬ್ಬನಾದ ಬ್ರಾಕ್ ಅದನ್ನು ಜೆಲ್ಲಿ ತುಂಬಿದ ಡೋನಟ್ ಅಂತ ಹೊಗಳುತ್ತಾನೆ. ಅನ್ನ ಕಣ್ಣೆದುರಿಗೇ ಕಾಣುತ್ತಿದ್ದರೂ!

ಡಬ್ಬಿಂಗ್ ಮಾಡಿದವರಿಗೆ ಗೊತ್ತಾಗದೆ ಹೀಗಾಯಿತು ಅಂದುಕೊಳ್ಳಬೇಡಿ. ಜಪಾನಿನ ಕತೆಯಿಂದ ಜಪಾನನ್ನೇ ಅಳಿಸುವ ಅಭ್ಯಾಸ ಅಮೆರಿಕದ ಟಿವಿಯಲ್ಲಿ ಹಳೆಯದು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ಕಾರ್ಟೂನ್ ಸರಣಿ 'ತೆತ್ಸುವಾನ್ ಆಟಮ್' ಜಪಾನಿನಲ್ಲಿ ಶುರುವಾಯಿತು. ಅದೇ ವರ್ಷ ಅದು 'ಆಸ್ಟ್ರೋ ಬಾಯ್' ಆಗಿ ಅಮೆರಿಕ ತಲುಪಿತು. ಒಟ್ಟು 193 ಕಂತುಗಳಲ್ಲಿ ಅಲ್ಲಿಗೆ ಹೋಗಿದ್ದು 104 ಮಾತ್ರ.

ಇದಕ್ಕಿಂತ ಜಾಸ್ತಿ ಪೆಟ್ಟು ತಿಂದಿದ್ದು 1972ರ 'ಗಾಚಮಾನ್'. ಅದರಲ್ಲಿ ಹೊಡೆದಾಟ ಇದೆ, ಊರುಗಳು ಉರಿಯುತ್ತವೆ, ಜನ ಸಾಯುತ್ತಾರೆ. 1978ರಲ್ಲಿ ಅಮೆರಿಕ ಇದನ್ನು 'ಬ್ಯಾಟಲ್ ಆಫ್ ದಿ ಪ್ಲಾನೆಟ್ಸ್' ಮಾಡಿತು. 105 ಕಂತು 85ಕ್ಕೆ ಇಳಿಯಿತು. ಹಿಂದಿನ ವರ್ಷವಷ್ಟೇ 'ಸ್ಟಾರ್ ವಾರ್ಸ್' ಬಂದಿತ್ತಲ್ಲ, ಹಾಗಾಗಿ ಭೂಮಿಯ ಮೇಲಿನ ಎಷ್ಟೋ ಕಾಳಗಗಳು ಬೇರೆ ಗ್ರಹಗಳಿಗೆ ವರ್ಗವಾದವು. ಕತ್ತರಿಸಿದ ಜಾಗ ತುಂಬಲು 7-ಜಾರ್ಕ್-7 ಅನ್ನುವ ರೋಬೋಟನ್ನು ಹೊಸದಾಗಿ ಬರೆದು ಸೇರಿಸಿದರು. ಊರು ನಾಶವಾದರೂ ಜನರನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದಾರೆ ಅಂತ ನೋಡುಗರಿಗೆ ಸಮಾಧಾನ ಹೇಳುವುದು ಅದರ ಕೆಲಸ. ಮಕ್ಕಳಿಗೆ ಸಾವು ತೋರಿಸಬಾರದು ಅನ್ನುವ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಊರು ಸುಡುತ್ತದೆ, ಯಾರಿಗೂ ಏನೂ ಆಗಲ್ಲ ಅಂತ ಕಲಿಸುವುದು ಅದಕ್ಕಿಂತ ಒಳ್ಳೆಯದಾ?

ಹೀಗೆ ಬದಲಿಸಲು ಇನ್ನೊಂದು ಕಾರಣ ಬರೀ ಲೆಕ್ಕದ್ದು. ಅಮೆರಿಕದ ಊರೂರಿನ ಚಾನೆಲ್‌ಗಳಿಗೆ ವಾರದಲ್ಲಿ ಐದು ದಿನ ಓಡುವ ಸರಣಿ ಬೇಕಿತ್ತು. ಹದಿಮೂರು ವಾರಕ್ಕೆ 65 ಕಂತು. 1982ರ 'ಮ್ಯಾಕ್ರಾಸ್' ಇದ್ದಿದ್ದು 36. ಅಮೆರಿಕದ ನಿರ್ಮಾಪಕ ಕಾರ್ಲ್ ಮಾಸೆಕ್ ಏನು ಮಾಡಿದರು ಅಂದರೆ, ಅದಕ್ಕೆ ಸಂಬಂಧವೇ ಇಲ್ಲದ 'ಸದರ್ನ್ ಕ್ರಾಸ್' ಮತ್ತು 'ಮೊಸ್ಪೀಡಾ' ಸರಣಿಗಳನ್ನು ಜೋಡಿಸಿ, ಮೂರನ್ನೂ ಮೂರು ತಲೆಮಾರಿನ ಒಂದೇ ಕತೆ ಎಂಬಂತೆ ಹೊಲಿದು, 1985ರಲ್ಲಿ 85 ಕಂತಿನ 'ರೋಬೋಟೆಕ್' ಕೊಟ್ಟರು. ಅದನ್ನು ನೋಡಿಯೇ ಅನಿಮೆಗೆ, ಅಂದರೆ ಜಪಾನಿನ ಕಾರ್ಟೂನ್‌ಗೆ, ಮನಸೋತವರು ಎಷ್ಟೋ ಜನ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಈ ಹೊಲಿಗೆಯ ಹಿಂದಿನ ಹಕ್ಕಿನ ಜಗಳದಿಂದ ಮ್ಯಾಕ್ರಾಸ್‌ನ ಮುಂದಿನ ಹಲವು ಸರಣಿಗಳು ವರ್ಷಗಟ್ಟಲೆ ಜಪಾನಿನ ಹೊರಗೆ ಸರಿಯಾಗಿ ಬರಲೇ ಇಲ್ಲ. ರಾಜಿಯಾಗಿದ್ದು 2021ರಲ್ಲಿ!

ನಮ್ಮ ದೇಶಕ್ಕೂ ಒಂದು ರೂಪಾಂತರ ಬಂದಿತ್ತು. ತೊಂಬತ್ತರ ದಶಕದಲ್ಲಿ ದೂರದರ್ಶನದ ಹಿಂದಿ 'ಜಂಗಲ್ ಬುಕ್' ನೋಡಿದವರಿಗೆ ಮೌಗ್ಲಿ ನೆನಪಿರಬೇಕು ಅಲ್ವಾ? ಅದು 1989ರ ಜಪಾನಿನ 52 ಕಂತಿನ ಅನಿಮೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ನಾನಾ ಪಾಟೇಕರ್ ಶೇರ್‌ಖಾನನಿಗೆ ದನಿಯಾದರು. ಸರಿಯಾಗಿ ಹಿಂದಿ ಬಾರದ ನಾವು ಕೂಡ ಆ ಹಾಡನ್ನು ಬಾಯಿಪಾಠ ಮಾಡಿದ್ದೆವು. ಇಲ್ಲಿನದನ್ನು ಸೇರಿಸುವುದು ತಪ್ಪಲ್ಲ. ಇದ್ದಿದ್ದನ್ನು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಮುಚ್ಚಿದ್ದಕ್ಕೆ 'ಸೇಲರ್ ಮೂನ್'ನಷ್ಟು ನೋಯಿಸುವ ಉದಾಹರಣೆ ನನಗೆ ಇನ್ನೊಂದಿಲ್ಲ. ಕೆಡುಕಿನ ವಿರುದ್ಧ ಹೋರಾಡುವ ಹುಡುಗಿಯರ ಜಪಾನಿ ಸರಣಿ ಅದು. ಮೊದಲ ಭಾಗದ ಕೊನೆಗೆ ಆ ಹುಡುಗಿಯರು ಗೆಳತಿಗಾಗಿ ಒಬ್ಬೊಬ್ಬರಾಗಿ ಪ್ರಾಣ ಕೊಡುತ್ತಾರೆ. 1995ರ ಅಮೆರಿಕದ ಅವತರಣಿಕೆ ಆ ಕೊನೆಯ ಎರಡು ಕಂತನ್ನು ಕತ್ತರಿಸಿ ಒಂದು ಮಾಡಿತು. ಸತ್ತವರು ಬರೀ ಸೆರೆಸಿಕ್ಕವರಾದರು. ಮುಂದೆ ಬರುವ ಯುರೇನಸ್, ನೆಪ್ಚೂನ್ ಒಬ್ಬರನ್ನೊಬ್ಬರು ಪ್ರೀತಿಸುವ ಹೆಣ್ಣುಮಕ್ಕಳು. ಇಂಗ್ಲಿಷ್‌ನಲ್ಲಿ ಅವರನ್ನು ಕಸಿನ್ಸ್ ಮಾಡಿಬಿಟ್ಟರು.

2014ರಿಂದ ಹೊಸ ಇಂಗ್ಲಿಷ್ ಡಬ್ಬಿಂಗ್ ಬರತೊಡಗಿತು, ಕತ್ತರಿ ಇಲ್ಲದೆ. ಅದರಲ್ಲಿ ಆ ಎರಡು ಕಂತುಗಳು ಎರಡಾಗಿಯೇ ಇವೆ.