ಹೆಸರು ಬರೆಸಿದರೆ ‘ದಾಖಲೆ’ ಆಗುತ್ತಾ?

ಪ್ರಶ್ನೆ: ಮೇಡಂ, ತಂಗಿಗೆ ಮೂರು ತಿಂಗಳಿಂದ ನಿದ್ದೆ ಇಲ್ಲ, ಸುಮ್ನೆ ಕೂತು ಅಳ್ತಾಳೆ. ಮಾನಸಿಕ ಡಾಕ್ಟರ ಹತ್ರ ಹೆಸರು ಬರೆಸಿದ್ರೆ ಸರ್ಕಾರದ ದಾಖಲೆಗೆ ಹೋಗುತ್ತೆ, ಮದುವೆ, ಕೆಲಸ ಎಲ್ಲಕ್ಕೂ ತೊಂದರೆ ಅಂತಾರೆ ಮಾವ. ಹೌದಾ? (ತೀರ್ಥಹಳ್ಳಿ ಕಡೆಯ ಓದುಗರು)

ಇಲ್ಲ.

ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಆಪ್ತಸಮಾಲೋಚಕಿಯಾಗಿ ಕೂತಷ್ಟು ವರ್ಷವೂ ವಾರಕ್ಕೊಬ್ಬ ‘ಮಾವ’ ಬಂದೇ ಬಂದಿದ್ದಾರೆ. ಅವರನ್ನು ನಾನು ಕೇಳುವುದು ಒಂದೇ: ಆ ದಾಖಲೆ ಎಲ್ಲಿದೆ, ತೋರಿಸಿ ನೋಡೋಣ? ಹೊರರೋಗಿ ಚೀಟಿ ಇರುವುದು ನಿಮ್ಮ ಮನೆಯ ಬೀರುವಿನಲ್ಲೇ, ಪಹಣಿ ಇಟ್ಟ ಪ್ಲಾಸ್ಟಿಕ್ ಕವರಿನಲ್ಲಿ. ಆಸ್ಪತ್ರೆಯ ರಿಜಿಸ್ಟರ್ ಆಸ್ಪತ್ರೆಯಲ್ಲಿ ಇರುತ್ತದೆ. ಅದರ ನಕಲನ್ನು ಹುಡುಗನ ಮನೆಗೋ ಕಂಪನಿಗೋ ಯಾರೂ ಅಂಚೆಗೆ ಹಾಕುವುದಿಲ್ಲ.

ಹಾಕುವಂತೆಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿಷಯ ಗುಟ್ಟಾಗಿರಬೇಕು. ಕೋರ್ಟ್ ಕೇಳಿದಾಗ, ಯಾರದೋ ಜೀವಕ್ಕೆ ಅಪಾಯ ಇದ್ದಾಗ, ಹೀಗೆ ಕೆಲವು ವಿನಾಯಿತಿ ಉಂಟು. ಮಾವನ ಕುತೂಹಲ ಆ ಪಟ್ಟಿಯಲ್ಲಿಲ್ಲ. 3ನೇ ಸೆಕ್ಷನ್ ಇನ್ನೂ ಚೆನ್ನಾಗಿದೆ: ಹಿಂದೆ ಚಿಕಿತ್ಸೆ ತಗೊಂಡಿದ್ದರು ಅನ್ನುವ ಒಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ಕೋವಿ ಲೈಸೆನ್ಸ್ ಮಾತು ಬೇರೆ. ಅಲ್ಲಿ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಾರೆ, ಕೇಳಲೇಬೇಕು. ನಿಮ್ಮ ತಂಗಿ ಕೋವಿ ಕೇಳುತ್ತಿಲ್ಲ, ನಿದ್ದೆ ಕೇಳುತ್ತಿದ್ದಾಳೆ.

ನನಗೆ ಸಿಟ್ಟು ಬರುವುದು ಇಲ್ಲಿ. ಊರೆಲ್ಲ ಸೇರಿದ ದರ್ಶನದಲ್ಲಿ, ಮೈಮೇಲೆ ದೇವರು ಬರುವ ಪಾತ್ರಿಯ ಮುಂದೆ ಹುಡುಗಿಯನ್ನು ಕೂರಿಸುವಾಗ ಇದೇ ಮಾವನಿಗೆ ಗುಟ್ಟಿನ ನೆನಪಾಗುವುದಿಲ್ಲ. ಬಾಗಿಲು ಹಾಕಿಕೊಂಡು ಮಾತಾಡುವ ಡಾಕ್ಟರ ಕೋಣೆಯೇ ಅವರಿಗೆ ಭಯ! ಮತ್ತೆ ಕೆಲವರು ಪರಿಚಯದವರ ಕಣ್ಣು ತಪ್ಪಿಸಲು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಜುಲೈ ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದರೆ ಮುಂದಿನ ತಿಂಗಳ ಮಾತ್ರೆ ತಪ್ಪುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಮೇಲೆ ‘ಮಾತ್ರೆಯಿಂದ ಏನೂ ಆಗಲಿಲ್ಲ’ ಅನ್ನುವ ಮಾತು ಬೇರೆ. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ನಲ್ಲೇ ಮಾನಸಿಕ ವಿಭಾಗ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲೇ ಶುರುವಾಗಿದೆ. ಮೊದಲು ಫೋನಿನಲ್ಲಿ ಮಾತಾಡಿ ನೋಡೋಣ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನೀವು ಕೇಳದ ಒಂದು ವಿಷಯ. ಹೊರಗಿನವರ ಬಾಯಿಗೆ ಹೆದರುತ್ತೀರಿ. ಆಸ್ಪತ್ರೆಯ ಒಳಗಿನವರ ಬಾಯಿ? ನಾನಿದ್ದ ಕಡೆಯೇ ಅಟೆಂಡರ್ ಒಬ್ಬರು ರಕ್ತಪರೀಕ್ಷೆಯ ಸಾಲಿಗೆ ಕೇಳುವ ಹಾಗೆ “ಸೈಕಿಯಾಟ್ರಿ ಪೇಷಂಟ್ ಯಾರ್ರೀ?” ಎಂದು ಕೂಗುತ್ತಿದ್ದರು. ಸಾಲೆಲ್ಲ ತಿರುಗಿ ನೋಡುತ್ತಿತ್ತು. ಹೆಸರು ಹಿಡಿದು ಕರೆಯಿರಿ ಅಂತ ಅವರಿಗೆ ಕಲಿಸಲು ನನಗೆ ಒಂದು ವರ್ಷ ಹಿಡಿಯಿತು. ಅದಕ್ಕಿಂತ ಕೆಟ್ಟದ್ದೂ ನೋಡಿದ್ದೇನೆ. ಹೊಟ್ಟೆನೋವು ಅಂತ ಬಂದವಳ ಹಳೇ ಚೀಟಿ ನೋಡಿ ಡ್ಯೂಟಿ ಡಾಕ್ಟರು “ಎಲ್ಲ ಮನಸ್ಸಿಂದು” ಎಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಮರುದಿನ ನೋಡಿದರೆ ಅಪೆಂಡಿಕ್ಸ್. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಅದರಲ್ಲಿ ಹೃದಯದಂಥ ದೇಹದ ಕಾಯಿಲೆಗಳ ಪಾಲೇ ಜಾಸ್ತಿ.

ಹಾಗಂತ ಬೇರೆ ಕಾಯಿಲೆಗೆ ಡಾಕ್ಟರ ಹತ್ತಿರ ಹೋದಾಗ ಮನಸ್ಸಿನ ಕಾಯಿಲೆಯ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಮೊದಲು ಇವತ್ತಿನ ನೋವು ಹೇಳಿ, ಎಲ್ಲಿ, ಯಾವಾಗಿಂದ ಅಂತ. ಆಮೇಲೆ ಮಾತ್ರೆ ತೋರಿಸಿ. ತಂಗಿಯೇ ಮಾತಾಡಲಿ, ಮಾವ ಹೊರಗೆ ಬೆಂಚಿನ ಮೇಲೆ ಕೂರಲಿ. ಮತ್ತೆ, ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ಮಾತ್ರೆ ಬಿಡಿಸಿ ಬಿ ಕಾಂಪ್ಲೆಕ್ಸ್ ಡಬ್ಬಿಗೆ ಸುರಿದು ತರುತ್ತೀರಲ್ಲ, ಅದು ಬೇಡ. ಬಿಳಿ ಮಾತ್ರೆ ಎಲ್ಲ ಒಂದೇ ಥರ ಕಾಣುತ್ತವೆ, ಯಾವುದು ಯಾವುದೆಂದು ನಮಗೂ ಗೊತ್ತಾಗುವುದಿಲ್ಲ. ಸ್ಟ್ರಿಪ್ ಸಮೇತ ತನ್ನಿ.